ಮಾತು ತುಳು, ಸೈನು ಇಂಗ್ಲಿಷು

ತುಳು ಮಾತಾಡಿದ ಮಕ್ಕಳಿಗೆ ದಂಡ, ಶಾಲೆಯಲ್ಲಿ ಇಂಗ್ಲಿಷೇ ಆಡಬೇಕು ಎಂದು ನಮ್ಮ ಮಂಗಳೂರು ಕಡೆಯ ಶಾಲೆಯೊಂದು ಹೊರಡಿಸಿದ ಸುತ್ತೋಲೆ ಎಲ್ಲರ ವಾಟ್ಸಾಪಿಗೂ ಬಂದಿದೆ, ಮತ್ತೆ ಓದಿಸುವುದಿಲ್ಲ. ನನಗೆ ಅದರಲ್ಲಿ ಬಹಳ ಹಿಡಿಸಿದ್ದು 'ಹಿಯರ್‌ಬೈ', ಅಂದರೆ 'ಈ ಮೂಲಕ', ಎಂಬ ಪದ. ಪೇರೆಂಟ್ಸ್ ಆರ್ ಹಿಯರ್‌ಬೈ ಇನ್‌ಫಾರ್ಮ್ಡ್. ತೊಟ್ಟಿಲಿನಿಂದಲೇ ಇಂಗ್ಲಿಷ್ ಆಡಿದವರು ಕೂಡ ಅಡುಗೆಮನೆಯಲ್ಲಿ 'ಹಿಯರ್‌ಬೈ ಸಾರು ಉಕ್ಕಿತು' ಎನ್ನುವುದಿಲ್ಲ. ಲೆಟರ್‌ಹೆಡ್ಡಿನಲ್ಲಿ ಹುಟ್ಟಿ ಸೀಲಿನ ಕೆಳಗೆ ಸಾಯುವ ಪದ ಅದು. ಅದನ್ನು ಟೈಪು ಮಾಡಿಸಿದ ಮಹನೀಯರು ಸಂಜೆ ಮಾರ್ಕೆಟ್ಟಿನಲ್ಲಿ ಬಂಗುಡೆ ಮೀನಿಗೆ ಯಾವ ಭಾಷೆಯಲ್ಲಿ ಚೌಕಾಸಿ ಮಾಡುತ್ತಾರೆಂದು ಕೇಳಬೇಡಿ. ಇಂಗ್ಲಿಷಿನಲ್ಲಿ ಕೇಳಿದರೆ ಕಿಲೋಗೆ ಐವತ್ತು ಹೆಚ್ಚು ಬೀಳುತ್ತದೆ, ಅಷ್ಟು ಲೆಕ್ಕ ಅವರಿಗೂ ಗೊತ್ತು.

ಇರಲಿ. ಮಕ್ಕಳು ಇಂಗ್ಲಿಷೇ ಆಡಲಿ. ಯಾವ ಇಂಗ್ಲಿಷು? ಸ್ಟೇಟ್‌ಬ್ಯಾಂಕ್ ಸ್ಟಾಪಿಗೆ ಹೋಗುವ ಬಸ್ಸಿನ ಕಂಡಕ್ಟರ್ 'ರೈಟ್ ಪೋಯಿ' (ಹೋಗೋಣ) ಎಂದರೆ ಅರ್ಧ ಇಂಗ್ಲಿಷು, ಅರ್ಧ ತುಳು, ಬಸ್ಸು ಮಾತ್ರ ಪೂರ್ತಿ ಹೊರಡುತ್ತದೆ. ಮಾಲಿನ ಬಟ್ಟೆ ಅಂಗಡಿಯಲ್ಲಿ 'ಹೌ ಮೇ ಐ ಹೆಲ್ಪ್ ಯು ಮ್ಯಾಮ್' ಎಂದ ಹುಡುಗಿಯೇ ಆ ಬಸ್ಸಿನ ಫುಟ್‌ಬೋರ್ಡಿನಲ್ಲಿ 'ಒಂತೆ ಪಿರ ಪೋಲೆ ಮಾರ್ರೆ' (ಸ್ವಲ್ಪ ಹಿಂದೆ ಹೋಗಿ ಮಾರಾಯ್ರೇ) ಎನ್ನುತ್ತಾಳೆ.

ಅಂಗಡಿ ಎಂದಾಗ ನೆನಪಾಯಿತು. 1962ರಲ್ಲಿ ವಿಲಿಯಂ ಲೆಬೋವ್ ಎಂಬ ಭಾಷಾವಿಜ್ಞಾನಿ ನ್ಯೂಯಾರ್ಕಿನ ಮೂರು ಅಂಗಡಿ ಹೊಕ್ಕರು: ಒಂದು ಸಿರಿವಂತರದ್ದು, ಒಂದು ನಡುವಿನದು, ಒಂದು ಅಗ್ಗದ್ದು. ನಾಲ್ಕನೇ ಮಹಡಿಯಲ್ಲಿರುವ ಸರಕು ಎಲ್ಲಿ ಎಂದು ಕೇಳುವುದು, 'ಫೋರ್ತ್ ಫ್ಲೋರ್' ಎಂಬ ಉತ್ತರದಲ್ಲಿ ರಕಾರ ಇದೆಯೇ ನೋಡುವುದು. ಆಮೇಲೆ ಕೇಳಿಸಲಿಲ್ಲ ಎಂದು ನಟಿಸಿ ಇನ್ನೊಮ್ಮೆ ಹೇಳಿಸುವುದು. 264 ಮಂದಿಯನ್ನು ಹೀಗೆ ಮಾತಾಡಿಸಿದರು. ಸಿರಿವಂತ ಅಂಗಡಿಯಲ್ಲಿ ಶೇ. 62 ಮಂದಿಯ ಬಾಯಲ್ಲಿ ಆ ರಕಾರ ಕೇಳಿತು, ಅಗ್ಗದ ಅಂಗಡಿಯಲ್ಲಿ ಐವರಲ್ಲಿ ಒಬ್ಬರ ಬಾಯಲ್ಲಷ್ಟೇ. ಎರಡನೇ ಸಲ ಹೇಳುವಾಗ ಹೆಚ್ಚು ಜನ ಎಚ್ಚರದಿಂದ ಉಚ್ಚರಿಸಿದರು. ತಮಾಷೆಯೆಂದರೆ ಲಂಡನ್ನಿನಲ್ಲಿ ಅದೇ ರಕಾರವನ್ನು ನುಂಗಿದವರೇ ದೊಡ್ಡವರು. ನಮ್ಮ ಕಾಲ್ ಸೆಂಟರ್ ಮಕ್ಕಳಿಗೆ ಇದು ಪಾಠವಿಲ್ಲದೆ ಗೊತ್ತು: ಅಮೆರಿಕದ ಪ್ರಾಸೆಸ್ಸಿಗೆ, ಅಂದರೆ ಅಲ್ಲಿನ ಗ್ರಾಹಕರ ಫೋನಿಗೆ, ಬಿದ್ದರೆ ರಕಾರ ಹೊರಳಿಸು, ಯುಕೆಗೆ ಬಿದ್ದರೆ ನುಂಗು, ಮನೆಗೆ ಬಂದರೆ ಗಂಜಿ ಉಣ್ಣು.

ಬನ್ಸ್ ವಿಷಯವೂ ಇದೆ. ಬಾಳೆಹಣ್ಣು ಕಿವುಚಿ, ಮೈದಾ, ಮೊಸರು, ಸಕ್ಕರೆ ಕಲಸಿ, ರಾತ್ರಿಯಿಡೀ ಹುಳಿ ಬರಿಸಿ ಎಣ್ಣೆಗೆ ಬಿಟ್ಟದ್ದು. ನಾವು 'ಒಂದು ಬನ್ಸ್' ಎಂದೇ ಕೇಳುವುದು. ವ್ಯಾಕರಣದ ಮೇಷ್ಟ್ರು 'ಒಂದು ಬನ್' ಎಂದು ತಿದ್ದಿಕೊಂಡು ಕೇಳಿದರೆ ಸಪ್ಲೈಯರ್ ಬೇಕರಿಯ ಬ್ರೆಡ್ಡು ತಂದಿಡುತ್ತಾನೆ. ಎಸಿ ಕೆಫೆಗೆ ಹೋದರೆ ಅದೇ ಬನ್ಸ್ 'ಬನಾನಾ ಪೂರಿ' ಆಗುತ್ತದೆ, ಬಿಲ್ಲು ಮೂರು ಪಟ್ಟು ಉಬ್ಬುತ್ತದೆ.

ಇಷ್ಟರವರೆಗೆ ನಗಬಹುದು. ಆಸ್ಪತ್ರೆಗೆ ಬನ್ನಿ, ಈ ಊರಿನಲ್ಲಿ ಅದಕ್ಕೇನೂ ಬರವಿಲ್ಲ. 'ಓಲು ಬೇನೆ ಅಮ್ಮ?' (ಎಲ್ಲಿ ನೋವು?) ಎಂದು ಡಾಕ್ಟರು ಬಾಯ್ತುಂಬ ತುಳುವಿನಲ್ಲಿ ಕೇಳುತ್ತಾರೆ. ಅಜ್ಜಿ 'ಬಂಜಿ ಬೇನೆ, ಮೂಜಿ ದಿನ ಆಂಡ್' (ಹೊಟ್ಟೆನೋವು, ಮೂರು ದಿನವಾಯಿತು) ಎನ್ನುತ್ತಾರೆ. ಫೈಲಿಗೆ ಇಳಿಯುವುದು 'ಸಿ ಬಾರ್ ಓ ಪೇನ್ ಅಬ್ಡಾಮೆನ್'. ಲಕೋಟೆಯ ಮೇಲೆ ಸಿ ಬಾರ್ ಓ ಎಂದರೆ ಕೇರ್ ಆಫ್, ಇಲ್ಲಿ ಕಂಪ್ಲೇನ್ಸ್ ಆಫ್. ಅಜ್ಜಿ ನೋವು ಹೇಳಿಕೊಂಡರು, ಕಾಗದ ಅದನ್ನು ದೂರು ಎಂದು ಬರೆದುಕೊಂಡಿತು. ಬೀಡಿ ಸೇದುವುದಿಲ್ಲ ಎಂದರೆ 'ಡಿನೈಸ್', ಅಂದರೆ ಅಲ್ಲಗಳೆದರು, ಕಟಕಟೆಯಲ್ಲಿ ನಿಂತವರ ಹಾಗೆ. ಚೀಟಿಯಲ್ಲಿ 'ಬಿ.ಡಿ.', 'ಟಿಡಿಎಸ್', 'ಎಸ್ಓಎಸ್'. ಬಿ.ಡಿ. ಎಂದರೆ ದಿನಕ್ಕೆ ಎರಡು ಸಲ, ಎಸ್ಓಎಸ್ ಎಂದರೆ ಬೇಕಾದಾಗ ಮಾತ್ರ. ಟಿಡಿಎಸ್ ಎಂದರೆ ದಿನಕ್ಕೆ ಮೂರು ಸಲ. ಬ್ಯಾಂಕಿನಲ್ಲಿ ದುಡಿದ ಮಗನಿಗೆ ಅದು ಬಡ್ಡಿಯಲ್ಲಿ ಮುರಿಯುವ ತೆರಿಗೆ.

ಇದೆಲ್ಲ ವೈದ್ಯರ ನಡುವಿನ ಕಿರುಲಿಪಿ, ಒಪ್ಪೋಣ. ಆಪರೇಷನ್ನಿನ ಒಪ್ಪಿಗೆ ಪತ್ರವನ್ನು ಯಾರಿಗಾಗಿ ಅಚ್ಚು ಹಾಕಿಸಿದ್ದು? ಹೊಟ್ಟೆ ಕೊಯ್ಯಿಸಿಕೊಳ್ಳುವುದು ಅಜ್ಜಿ. 'ಅಪಾಯಗಳನ್ನೆಲ್ಲ ನನಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಲಾಗಿದೆ' ಎಂಬ ಸಾಲೂ ಅದರಲ್ಲಿದೆ, ಇಂಗ್ಲಿಷಿನಲ್ಲಿ. ಸರಿಯಾಗಿ ತಿಳಿಸದೆ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿ ಆಗಿದೆ. ಎರಡು ಪುಟ ಕನ್ನಡಕ್ಕೆ ತಿರುಗಿಸಲು ಒಂದು ಮಧ್ಯಾಹ್ನ ಸಾಕು. ಮಾಡುವುದಿಲ್ಲ, ಅಷ್ಟೆ. ಅಜ್ಜಿ ಓದಿದರೆ ಪ್ರಶ್ನೆ ಕೇಳುತ್ತಾರಲ್ಲ.

'ಮುಲ್ಪ ಒಂಜಿ ಸೈನ್ ಪಾಡ್ಲೆ ಅಮ್ಮ' (ಇಲ್ಲೊಂದು ಸೈನ್ ಹಾಕಿ) ಎನ್ನುತ್ತಾರೆ ಆಸ್ಪತ್ರೆಯವರು, ಬಹಳ ಪ್ರೀತಿಯಿಂದ. ಸೈನು ಬಾರದಿದ್ದರೆ ಸ್ಟ್ಯಾಂಪ್ ಪ್ಯಾಡು ಮುಂದೆ ಬರುತ್ತದೆ. ಹೆಬ್ಬೆಟ್ಟು ಒತ್ತಿದ ಮೇಲೆ ಶಾಯಿ ಒರೆಸಿಕೊಳ್ಳಲು ಹತ್ತಿ ಕೊಡುತ್ತಾರೆ. ಒರೆಸಿಕೊಳ್ಳಿ ಎಂದು ಹೇಳುವುದೂ ತುಳುವಿನಲ್ಲೇ.