ಮಂಜಿಗೆ ನಾವು ಹೆದರುವವರಲ್ಲ ಸ್ವಾಮಿ

ಮೊನ್ನೆ ಭಾನುವಾರ ಅಕ್ಕನ ಮಗ ಮೊಬೈಲ್ ಮುಂದೆ ಹಿಡಿದು, "ಮಾಮ, ಫಸ್ಟ್ ಲುಕ್ ಬಿಟ್ಟಿದ್ದಾರೆ, ಹೇಗಿದೆ ನೋಡು" ಎಂದ. ನೋಡಿದೆ. ಮಂಜು. ಮರ. ಬೆನ್ನು ತೋರಿಸಿ ನಿಂತ ಒಬ್ಬ, ಕೈಯಲ್ಲಿ ಟಾರ್ಚ್. ಮೇಲೆ ಕೆಂಪು ಅಕ್ಷರ.

"ಥ್ರಿಲ್ಲರ್" ಎಂದೆ.

"ಯಾವ ಸಿನಿಮಾ ಹೇಳು?"

ಅದು ಮಾತ್ರ ಹೇಳಲು ಆಗಲಿಲ್ಲ. ಇಂಥವು ಹತ್ತಾದರೂ ನೋಡಿದ್ದೇನೆ.

ನಮ್ಮ ಚಿಕ್ಕಮಗಳೂರಿನವರಿಗೆ ಈ ಪೋಸ್ಟರ್‌ಗಳ ಮೇಲೆ ಒಂದು ತಕರಾರಿದೆ. ಬೆಟ್ಟದ ಮಂಜು, ಕಾಫಿ ತೋಟ, ಹಳೇ ಬಂಗಲೆ ಹಾಕಿದರೆ ಜನ ಹೆದರಿಯೇ ಹೆದರುತ್ತಾರೆ ಎಂದು ಯಾರೋ ತೀರ್ಮಾನ ಮಾಡಿಬಿಟ್ಟಿದ್ದಾರೆ. ಅಲ್ಲಾ ಸ್ವಾಮಿ, ಪಕ್ಕದಲ್ಲೇ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಇರುವಾಗ ಮಂಜು ಬರದೆ ಇನ್ನೇನು ಬರಬೇಕು? ಆ ಮಂಜಿನಲ್ಲೇ ಹಾಲಿನವನು ಬರುತ್ತಾನೆ, ಸ್ಕೂಲ್ ಬಸ್ ಬರುತ್ತದೆ. ಟಾರ್ಚ್ ಹಿಡಿದು ತೋಟಕ್ಕೆ ಹೋದವನು ಪಂಪ್‌ಸೆಟ್ ಆಫ್ ಮಾಡಲು ಹೋಗಿರುತ್ತಾನೆ. ನಮಗೆ ಎದೆ ಝಲ್ಲೆನ್ನುವುದು ಬೇರೆ ಕಾರಣಕ್ಕೆ. ದಿನಾ ಬೊಗಳುವ ನಾಯಿ ಒಂದು ರಾತ್ರಿ ಸುಮ್ಮನಿದ್ದರೆ. ಹಾಕಿ ಮಲಗಿದ್ದ ಗೇಟು ಬೆಳಿಗ್ಗೆ ತೆರೆದಿದ್ದರೆ.

ಒಳ್ಳೆಯ ಥ್ರಿಲ್ಲರ್ ಪೋಸ್ಟರ್ ಮಾಡುವ ಕೆಲಸವೂ ಇದೇ. ಎಲ್ಲ ಸರಿಯಿರುವ ಕಡೆ ಒಂದೇ ಒಂದು ಕೆಟ್ಟಿರಬೇಕು. 1975ರ ಹಾಲಿವುಡ್ ಸಿನಿಮಾ 'ಜಾಸ್'ನ ಪೋಸ್ಟರ್ ನೆನಪಿಸಿಕೊಳ್ಳಿ, ಕಲಾವಿದ ರೋಜರ್ ಕ್ಯಾಸ್ಟೆಲ್ ಬರೆದ ಚಿತ್ರ. ನೀರಿನ ಮೇಲೆ ಈಜುತ್ತಿರುವ ಹುಡುಗಿ. ಕೆಳಗಿನಿಂದ ನೆಟ್ಟಗೆ ಮೇಲೇಳುತ್ತಿರುವ ಶಾರ್ಕ್. ಅವಳಿಗೆ ಗೊತ್ತಿಲ್ಲ, ನಮಗೆ ಗೊತ್ತು. ನಡುವೆ ಇರುವ ಆ ಗೇಣು ನೀರಿನಲ್ಲೇ ಇಡೀ ಸಿನಿಮಾ ಇದೆ. ರಕ್ತ ಒಂದು ತೊಟ್ಟೂ ಇಲ್ಲ, ಕೆಂಪು ಇರುವುದು ಹೆಸರಿನಲ್ಲಿ ಮಾತ್ರ.

ಕತ್ತಲೆಯೂ ಬೇಕಿಲ್ಲ. ಥ್ರಿಲ್ಲರ್ ನಿರ್ದೇಶಕ ಹಿಚ್‌ಕಾಕ್‌ನ 'ವರ್ಟಿಗೊ' (ಎಂದರೆ ತಲೆಸುತ್ತು) ಸಿನಿಮಾಗೆ 1958ರಲ್ಲಿ ಸಾಲ್ ಬಾಸ್ ಮಾಡಿದ ಪೋಸ್ಟರ್ ಪೂರ್ತಿ ಕಿತ್ತಳೆ ಬಣ್ಣ. ಅದರಲ್ಲಿ ಒಂದು ಬಿಳಿ ಸುಳಿ, ಸುಳಿಗೆ ಸಿಕ್ಕಿದ ಎರಡು ಆಕೃತಿ. ಅಷ್ಟೇ. ನೋಡುತ್ತಿದ್ದರೆ ತಲೆ ತಿರುಗುತ್ತದೆ. (ನಮ್ಮಲ್ಲಿ ಕಿತ್ತಳೆ ಬಣ್ಣ ಕೊಟ್ಟರೆ ಮದುವೆ ಸಿನಿಮಾ ಮಾಡಿಬಿಡುತ್ತಾರೆ.)

ಡಿಸೈನರ್‌ಗಳನ್ನು ಮಾತ್ರ ಬೈದು ಪ್ರಯೋಜನ ಇಲ್ಲ ಬಿಡಿ. ಹೀರೋ ಮುಖ ಮುಚ್ಚಿದರೆ ಅಭಿಮಾನಿಗಳು ಬಿಡುವುದಿಲ್ಲ. ಅದಕ್ಕೇ ಅರ್ಧ ಮುಖ ಬೆಳಕು, ಅರ್ಧ ಕತ್ತಲು ಎಂಬ ರಾಜಿ. ಮೇಲಾಗಿ ಪೋಸ್ಟರ್ ಮೊದಲು ಕಾಣುವುದು ಈಗ ಮೊಬೈಲಿನಲ್ಲಿ, ಹೆಬ್ಬೆರಳಿನಷ್ಟು.

ಆದರೆ ಅಕ್ಷರದ ವಿಷಯದಲ್ಲಿ ಕ್ಷಮಿಸಲಾರೆ. ಇಂಗ್ಲಿಷಿನಲ್ಲಿ ಸಪೂರ ಅಕ್ಷರಗಳನ್ನು ದೂರ ದೂರ ಇಟ್ಟರೆ ಸಾಕು, ಒಂಥರಾ ಚಳಿ ಹುಟ್ಟುತ್ತದೆ. ನಮ್ಮದು ಜಿಲೇಬಿ ಹಾಗೆ ದುಂಡು. ಅದಕ್ಕೆ ಕೆಂಪು ಬಳಿದು ಕೆಳಗೆ ನಾಲ್ಕು ಹನಿ ಇಳಿಸಿದರೆ ಪಾಕ ಸೋರಿದ ಹಾಗೆ ಕಾಣುತ್ತದೆ, ಅಲ್ವಾ? ಕನ್ನಡಕ್ಕೆ ಕನ್ನಡದ್ದೇ ಸೌಕರ್ಯಗಳಿವೆ. ತಲೆಕಟ್ಟನ್ನು ಅಕ್ಷರದಿಂದ ಕೂದಲೆಳೆಯಷ್ಟು ಬಿಡಿಸಿಡಿ, ಕತ್ತು ಕೊಯ್ದ ಹಾಗಿರುತ್ತದೆ. ಸೊನ್ನೆ ಗುಂಡಿನ ತೂತಾಗಬಹುದು, ಕದ್ದು ನೋಡುವ ಕಿಂಡಿಯಾಗಬಹುದು. ಒತ್ತಕ್ಷರವಂತೂ ಹುಟ್ಟಿನಿಂದಲೇ ಇನ್ನೊಂದರ ಕಾಲಡಿ ಅಡಗಿ ಕೂತಿದೆ. ಇಷ್ಟೆಲ್ಲ ಇಟ್ಟುಕೊಂಡು ಬಿರುಕು ಬಿಟ್ಟ ಗಾಜಿನ ಎಫೆಕ್ಟ್ ಹಾಕಿ ಕೈತೊಳೆದುಕೊಳ್ಳುತ್ತಾರೆ.

ನಾನು ನೋಡಿದ ಅತಿ ಭಯದ ಪೋಸ್ಟರ್ ಯಾರೂ ಡಿಸೈನ್ ಮಾಡಿದ್ದಲ್ಲ. ಹೋದ ಮಳೆಗಾಲ, ಬಸ್ ಸ್ಟ್ಯಾಂಡ್ ಕಡೆಯ ಒಂದು ಗೋಡೆ. ಮೈದಾ ಅಂಟು ನೆಂದು ಹೀರೋನ ಅರ್ಧ ಮುಖ ಕಿತ್ತುಬಂದಿತ್ತು. ಅಡಿಯಲ್ಲಿ ಯಾವುದೋ ಹಳೇ ಸಂಸಾರದ ಸಿನಿಮಾ. ಅವನ ಒಂದು ಕಣ್ಣು, ಅದರ ಕೆಳಗೇ ನಗುತ್ತಿರುವ ಮದುಮಗಳ ತುಟಿ. ಕೊಡೆ ಹಿಡಿದುಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

"ಫೋಟೊ ತೆಗೀಲಿಲ್ವಾ ಮಾಮ?" ಎಂದ ಹುಡುಗ.

ತೆಗೆದಿರಲಿಲ್ಲ. ಸಂಜೆ ಆ ಕಡೆ ಹೋಗುವಷ್ಟರಲ್ಲಿ ಅದರ ಮೇಲೆ ಟ್ಯೂಷನ್ ಕ್ಲಾಸಿನ ಜಾಹೀರಾತು ಅಂಟಿಸಿದ್ದರು.