ಅನುಭವ ತಾನಾಗಿಯೇ ಕಲಿಸುವುದಿಲ್ಲ

ವೃತ್ತಿಯಲ್ಲಿ ಹಿರಿಯರಾದವರನ್ನು ಮೆಚ್ಚಿ ಮಾತನಾಡುವಾಗ ವರ್ಷಗಳ ಲೆಕ್ಕ ತಪ್ಪದೆ ಬರುತ್ತದೆ. ಇಷ್ಟು ವರ್ಷ ಚಿಕಿತ್ಸೆ ನೀಡಿದ ವೈದ್ಯರು, ಇಷ್ಟು ವರ್ಷ ಪಾಠ ಹೇಳಿದ ಶಿಕ್ಷಕರು, ಇಷ್ಟು ವರ್ಷ ಸೇತುವೆ ಕಟ್ಟಿದ ಎಂಜಿನಿಯರರು ಎಂದು ಹೇಳುವಾಗ, ಕಳೆದ ಪ್ರತಿಯೊಂದು ವರ್ಷವೂ ಅವರಿಗೆ ಏನನ್ನೋ ಕಲಿಸಿಯೇ ಇರುತ್ತದೆ ಎಂದು ನಾವು ನಂಬಿರುತ್ತೇವೆ. ಈ ನಂಬಿಕೆಯನ್ನು ಒಮ್ಮೆ ಗಟ್ಟಿಯಾಗಿ ಪರೀಕ್ಷಿಸಬೇಕೆಂಬುದು ನನ್ನ ಅಭಿಪ್ರಾಯ. ಹಿರಿತನದ ಬಗ್ಗೆ ನನಗೆ ಗೌರವವಿದೆ. ಆದರೆ ವೃತ್ತಿಯುದ್ದಕ್ಕೂ ಕಲಿಯುತ್ತಿರಬೇಕು ಎಂಬ ಮಾತು ಇಂದು ಎಲ್ಲರ ಬಾಯಲ್ಲೂ ಇರುವಾಗ, ಆ ಕಲಿಕೆ ನಡೆಯುವುದಾದರೂ ಹೇಗೆ, ಎಷ್ಟೋ ಜನರಲ್ಲಿ ಅದು ನಿಂತುಹೋಗುವುದು ಏಕೆ ಎಂಬುದನ್ನು ಬಿಡಿಸಿ ನೋಡುವವರು ಕಡಿಮೆ. ಅದಕ್ಕಾಗಿಯೇ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ.

2005ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯ ಸಂಶೋಧಕರು, ವೈದ್ಯರು ವೃತ್ತಿಯಲ್ಲಿ ಕಳೆದ ವರ್ಷಗಳಿಗೂ ಅವರ ತಿಳಿವಳಿಕೆ ಮತ್ತು ಚಿಕಿತ್ಸೆಯ ಗುಣಮಟ್ಟಕ್ಕೂ ಇರುವ ಸಂಬಂಧವನ್ನು ಅಳೆದಿದ್ದ 62 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿದರು. ವರ್ಷಗಳು ಹೆಚ್ಚಿದಂತೆ ಗುಣಮಟ್ಟವೂ ಹೆಚ್ಚುತ್ತದೆ ಎಂದು ತೋರಿಸಿದ ಅಧ್ಯಯನಗಳು ಬೆರಳೆಣಿಕೆಯಷ್ಟೇ ಇದ್ದವು. ಅರ್ಧಕ್ಕಿಂತ ಹೆಚ್ಚಿನವು ತಾವು ಅಳೆದ ಎಲ್ಲ ಅಂಶಗಳಲ್ಲೂ ಇಳಿಕೆಯನ್ನೇ ಕಂಡಿದ್ದವು. ಇದನ್ನು ಓದಿ ಹಿರಿಯ ವೈದ್ಯರನ್ನು ಬಿಟ್ಟು ಕಿರಿಯರ ಬಳಿಗೆ ಓಡಬೇಕಾಗಿಲ್ಲ. ಆ ಅಧ್ಯಯನಗಳಲ್ಲಿ ಹಲವು ಅಳೆದದ್ದು ಹೊಸ ಮಾರ್ಗಸೂಚಿಗಳ ಪರಿಚಯ ಮತ್ತು ಪಾಲನೆಯನ್ನು. ರೋಗಿಯೊಡನೆ ಮಾತನಾಡುವ ಜಾಣ್ಮೆ, ಅಪರೂಪದ ಲಕ್ಷಣವನ್ನು ಗುರುತಿಸುವ ಕಣ್ಣು ಅಷ್ಟು ಸುಲಭವಾಗಿ ಅಳತೆಗೆ ಸಿಗುವುದಿಲ್ಲ. ಹಾಗಿದ್ದರೂ ಕೈ ಪಳಗುವುದೇ ಬೇರೆ, ತಿಳಿವಳಿಕೆ ಬೆಳೆಯುವುದೇ ಬೇರೆ ಎಂಬುದನ್ನು ಈ ಪರಿಶೀಲನೆ ಸ್ಪಷ್ಟವಾಗಿ ಎತ್ತಿ ತೋರಿಸುತ್ತದೆ. ಮಾಡಿದ್ದನ್ನೇ ಮಾಡುತ್ತಾ ಹೋದರೆ ಕೆಲಸ ವೇಗವಾಗುತ್ತದೆ, ಸರಾಗವಾಗುತ್ತದೆ, ಅನುಮಾನಗಳು ಕಡಿಮೆಯಾಗುತ್ತವೆ. ಆದರೆ ತಪ್ಪನ್ನೇ ಸರಾಗವಾಗಿ ಮಾಡುವವರಿಗೂ ಇದೇ ವೇಗ, ಇದೇ ನಿಶ್ಚಿಂತೆ ಬಂದಿರುತ್ತದೆ.

ಯಾವ ವೃತ್ತಿಯಲ್ಲಿ ಅನುಭವ ನಿಜವಾಗಿಯೂ ಕಲಿಸುತ್ತದೆ ಎಂದು ಹುಡುಕಿದರೆ, ಹವಾಮಾನ ಮುನ್ಸೂಚಕರ ಉದಾಹರಣೆ ನನಗೆ ಬಹಳ ಇಷ್ಟವಾಗುತ್ತದೆ. ಮುನ್ಸೂಚನೆ ಎಷ್ಟು ಸರಿಯಾಗಿತ್ತು ಎಂದು ಅಂಕಿಯಲ್ಲಿ ಅಳೆಯುವ ಸೂತ್ರವೊಂದನ್ನು ಗ್ಲೆನ್ ಬ್ರೈಯರ್ 1950ರಲ್ಲಿಯೇ ರೂಪಿಸಿದರು. ಅಮೆರಿಕದ ಹವಾಮಾನ ಇಲಾಖೆ 1965ರಲ್ಲಿ ಮಳೆ ಬರುವ ಸಂಭವವನ್ನು ಶೇಕಡಾವಾರು ಲೆಕ್ಕದಲ್ಲಿ ಸಾರ್ವಜನಿಕರಿಗೆ ತಿಳಿಸಲು ಆರಂಭಿಸಿತು. ಮುಂದಿನ ದಶಕದಲ್ಲಿ ಅಲನ್ ಮರ್ಫಿ ಮತ್ತು ರಾಬರ್ಟ್ ವಿಂಕ್ಲರ್ ಈ ಮುನ್ಸೂಚನೆಗಳನ್ನು ನಿಜವಾಗಿ ಬಿದ್ದ ಮಳೆಯೊಂದಿಗೆ ಹೋಲಿಸಿ ನೋಡಿದಾಗ, ಮುನ್ಸೂಚಕರು ಹೇಳಿದ ಸಂಭವಕ್ಕೂ ನಡೆದದ್ದಕ್ಕೂ ಅಚ್ಚರಿಯೆನಿಸುವಷ್ಟು ಹೊಂದಿಕೆಯಿತ್ತು: ಶೇ 70ರಷ್ಟು ಸಂಭವ ಎಂದು ಹೇಳಿದ ಸಂದರ್ಭಗಳಲ್ಲಿ ಸುಮಾರು ಅಷ್ಟೇ ಪಾಲು ಸಲ ಮಳೆ ಬಂದಿತ್ತು. ಇದರ ಕಾರಣ ಸರಳವಾಗಿದೆ. ಮುನ್ಸೂಚಕರು ಇಂದು ಹೇಳಿದ್ದಕ್ಕೆ ಆಕಾಶ ನಾಳೆಯೇ ಉತ್ತರ ಕೊಡುತ್ತದೆ, ಆ ಉತ್ತರದಲ್ಲಿ ಯಾರ ಮುಲಾಜೂ ಇರುವುದಿಲ್ಲ, ಅದನ್ನು ಬರೆದಿಡುವ ಪದ್ಧತಿಯೂ ಅಲ್ಲಿದೆ.

ಬಹುಪಾಲು ವೃತ್ತಿಗಳಲ್ಲಿ ಇಂತಹ ಉತ್ತರ ಬರುವುದೇ ಇಲ್ಲ. ತುರ್ತು ಚಿಕಿತ್ಸಾ ವಿಭಾಗದ ವೈದ್ಯರು ಗಾಬರಿಪಡುವಂಥದ್ದೇನೂ ಇಲ್ಲ ಎಂದು ಮನೆಗೆ ಕಳುಹಿಸಿದ ರೋಗಿಗೆ ಮುಂದೇನಾಯಿತು ಎಂಬುದು ಅನೇಕ ಸಲ ಅವರಿಗೆ ತಿಳಿಯುವುದಿಲ್ಲ. ರೋಗಿ ಮರಳಿ ಬಾರದಿದ್ದರೆ ಗುಣವಾಗಿರಬೇಕು ಎಂದುಕೊಳ್ಳುತ್ತಾರೆ, ಆ ರೋಗಿ ಬೇರೊಂದು ಆಸ್ಪತ್ರೆಗೆ ಹೋಗಿರಲೂಬಹುದು. ಕೆಲವು ಕಡೆ ಉತ್ತರದ ಅರ್ಧಭಾಗ ಯಾವಾಗಲೂ ಮರೆಯಲ್ಲೇ ಉಳಿಯುತ್ತದೆ. ನ್ಯಾಯಾಧೀಶರು ಜಾಮೀನು ಕೊಟ್ಟ ಆರೋಪಿ ತಲೆಮರೆಸಿಕೊಂಡರೆ ಅದು ಎಲ್ಲರಿಗೂ ತಿಳಿಯುತ್ತದೆ, ಆದರೆ ಜಾಮೀನು ನಿರಾಕರಿಸಲ್ಪಟ್ಟವನು ಹೊರಗಿದ್ದಿದ್ದರೆ ಕರೆದ ದಿನಕ್ಕೆ ಹಾಜರಾಗುತ್ತಿದ್ದನೇ ಎಂಬುದು ಎಂದಿಗೂ ತಿಳಿಯುವುದಿಲ್ಲ. ಸಂದರ್ಶನದಲ್ಲಿ ತಿರಸ್ಕೃತರಾದ ಅಭ್ಯರ್ಥಿ ಇನ್ನೊಂದು ಸಂಸ್ಥೆಯಲ್ಲಿ ಹೇಗೆ ಬೆಳೆದರು ಎಂದು ವಿಚಾರಿಸುವ ಸಂದರ್ಶಕರನ್ನು ನಾನಂತೂ ಕಂಡಿಲ್ಲ. ಹೀಗಿರುವಾಗ, ಮನುಷ್ಯರನ್ನು ನೋಡಿದ ಕೂಡಲೇ ಅಳೆಯಬಲ್ಲೆ ಎಂಬ ದೃಢವಾದ ಭಾವನೆ ವರ್ಷಗಳೊಂದಿಗೆ ಬೆಳೆಯುತ್ತದೆ, ಅಳೆಯುವ ಸಾಮರ್ಥ್ಯ ಮಾತ್ರ ಇದ್ದಲ್ಲೇ ಇರುತ್ತದೆ. ನನ್ನ ದೃಷ್ಟಿಯಲ್ಲಿ ವೃತ್ತಿಜೀವನದ ಕಲಿಕೆಯೆಂದರೆ ಮುಖ್ಯವಾಗಿ ಇದು: ನಮ್ಮ ಕೆಲಸದ ಫಲ ನಮ್ಮ ಬಳಿಗೆ ಮರಳಿ ಬಂದು ನಮ್ಮನ್ನು ತಿದ್ದುವಂತೆ ನಾವೇ ಮುಂದಾಗಿ ಏರ್ಪಾಡು ಮಾಡಿಕೊಳ್ಳುವುದು.

ಆ ಏರ್ಪಾಡಿದ್ದರೂ ಒಬ್ಬರ ಅನುಭವಕ್ಕೆ ಎಟುಕದ ಸಂಗತಿಗಳಿವೆ. ಹಸುಗೂಸುಗಳನ್ನು ಹೊಟ್ಟೆಯ ಮೇಲೆ ಮಲಗಿಸಬೇಕು ಎಂಬ ಸಲಹೆಯನ್ನು ಇಪ್ಪತ್ತನೆಯ ಶತಮಾನದ ಮಧ್ಯಭಾಗದಿಂದ ಹಲವು ದೇಶಗಳಲ್ಲಿ ಕೊಡಲಾಗುತ್ತಿತ್ತು. ಅಂಗಾತ ಮಲಗಿದ ಮಗು ವಾಂತಿ ಮಾಡಿಕೊಂಡರೆ ಉಸಿರುಗಟ್ಟಬಹುದು ಎಂಬ ಭಯ ಅದಕ್ಕೊಂದು ಕಾರಣವಾಗಿತ್ತು. ಹೊಟ್ಟೆಯ ಮೇಲೆ ಮಲಗುವುದಕ್ಕೂ ನಿದ್ದೆಯಲ್ಲೇ ಮಗು ಹಠಾತ್ತನೆ ಸಾಯುವುದಕ್ಕೂ ಸಂಬಂಧವಿದೆ ಎಂಬುದು ಖಚಿತವಾಗಿ, ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1992ರಲ್ಲಿ ತನ್ನ ಸಲಹೆಯನ್ನು ಬದಲಿಸಿತು. 1994ರಿಂದ ಆ ದೇಶದಲ್ಲಿ ಮಗುವನ್ನು ಅಂಗಾತ ಮಲಗಿಸಿ ಎಂಬ ಪ್ರಚಾರ ದೊಡ್ಡ ಪ್ರಮಾಣದಲ್ಲಿ ನಡೆಯಿತು, ಮುಂದಿನ ವರ್ಷಗಳಲ್ಲಿ ಇಂತಹ ಸಾವುಗಳ ಪ್ರಮಾಣ ಅರ್ಧಕ್ಕಿಂತಲೂ ಕೆಳಗಿಳಿಯಿತು. ಹಳೆಯ ದಾಖಲೆಗಳನ್ನು ಮತ್ತೆ ಪರಿಶೀಲಿಸಿದ ರೂತ್ ಗಿಲ್ಬರ್ಟ್ ಮತ್ತು ಸಹೋದ್ಯೋಗಿಗಳು, 1970ರ ಹೊತ್ತಿಗೆ ಲಭ್ಯವಿದ್ದ ಅಧ್ಯಯನಗಳನ್ನೆಲ್ಲ ಯಾರಾದರೂ ಕ್ರಮವಾಗಿ ಒಟ್ಟುಗೂಡಿಸಿ ನೋಡಿದ್ದರೆ ಈ ಅಪಾಯ ಆಗಲೇ ಗೋಚರಿಸುತ್ತಿತ್ತು ಎಂದು 2005ರಲ್ಲಿ ತೋರಿಸಿಕೊಟ್ಟರು. ಹಾಗೆ ಮಾಡಿದ್ದರೆ ಯುರೋಪ್, ಅಮೆರಿಕ ಮತ್ತು ಆಸ್ಟ್ರೇಲಿಯಾ ಭಾಗಗಳಲ್ಲಿ ಕನಿಷ್ಠ 50,000 ಶಿಶುಗಳ ಸಾವನ್ನು ತಡೆಯಬಹುದಾಗಿತ್ತು ಎಂಬುದು ಅವರ ಅಂದಾಜು.

ಈ ಸಂಗತಿಯನ್ನು ನೆನೆದಾಗಲೆಲ್ಲ ಮನಸ್ಸು ಭಾರವಾಗುತ್ತದೆ. ಆ ಸಲಹೆ ಕೊಟ್ಟವರು ಅಜಾಗರೂಕರಾಗಿರಲಿಲ್ಲ, ಮಕ್ಕಳ ಬಗ್ಗೆ ಅಕ್ಕರೆಯುಳ್ಳವರೇ ಆಗಿದ್ದರು. ಇಂತಹ ಸಾವು ಎಷ್ಟು ವಿರಳವೆಂದರೆ ಒಬ್ಬ ವೈದ್ಯರು ತಮ್ಮ ಇಡೀ ವೃತ್ತಿಜೀವನದಲ್ಲಿ ಒಂದೆರಡನ್ನಷ್ಟೇ ಕಂಡಿರಬಹುದು, ಅದೂ ಹೊಟ್ಟೆಯ ಮೇಲೆ ಮಲಗಿದ ಸಾವಿರಾರು ಮಕ್ಕಳು ಆರೋಗ್ಯವಾಗಿ ಬೆಳೆದದ್ದನ್ನು ನೋಡುತ್ತಲೇ. ಎಷ್ಟೇ ಸೂಕ್ಷ್ಮವಾಗಿ ಗಮನಿಸಿದರೂ ಅವರ ಕಣ್ಣಮುಂದಿನ ಅನುಭವ ಅವರಿಗೆ ಸತ್ಯವನ್ನು ಹೇಳಲಾರದು. ಸಾವಿರಾರು ವೈದ್ಯರ ಅನುಭವ ಒಂದೆಡೆ ಸೇರಿ ಲೆಕ್ಕಕ್ಕೆ ಸಿಕ್ಕಾಗ ಮಾತ್ರ ಅದು ಕಾಣುತ್ತದೆ. ನನ್ನ ಇಷ್ಟು ವರ್ಷಗಳಲ್ಲಿ ಹೀಗಾದದ್ದನ್ನು ನಾನು ನೋಡಿಯೇ ಇಲ್ಲ ಎಂದು ಯಾರಾದರೂ ವಾದಿಸಿದಾಗ, ಆ ಮಾತಿನ ಪ್ರಾಮಾಣಿಕತೆಯನ್ನು ಒಪ್ಪಿಕೊಂಡೇ ಅದನ್ನು ಸಾಕ್ಷ್ಯವೆಂದು ಸ್ವೀಕರಿಸಲು ನಾನು ಹಿಂಜರಿಯುತ್ತೇನೆ. ತನ್ನ ಕ್ಷೇತ್ರದ ಹೊಸ ಸಂಶೋಧನೆಗಳನ್ನು ಓದುವುದು ಬಿಡುವಿದ್ದಾಗ ಮಾಡುವ ಹೆಚ್ಚುವರಿ ಕೆಲಸವಾಗಬಾರದು, ಅದು ವೃತ್ತಿಯ ಒಳಗಿನ ಕರ್ತವ್ಯ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಹಿರಿತನಕ್ಕೆ ಇನ್ನೊಂದು ತೊಡಕಿದೆ: ಮೇಲೇರಿದಂತೆಲ್ಲ ತಿದ್ದುವವರು ಕಡಿಮೆಯಾಗುತ್ತಾರೆ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ಮಂಜು ಕವಿದಿದ್ದ ರನ್‌ವೇಯ ಮೇಲೆ ಎರಡು ಬೋಯಿಂಗ್ 747 ವಿಮಾನಗಳು ಡಿಕ್ಕಿ ಹೊಡೆದು 583 ಜನರು ಸತ್ತರು. ಅನುಮತಿ ಸಿಗುವ ಮೊದಲೇ ಹಾರಾಟಕ್ಕೆ ಹೊರಟ ಕೆಎಲ್‌ಎಂ ವಿಮಾನದ ಕ್ಯಾಪ್ಟನ್, ಆ ಸಂಸ್ಥೆಯಲ್ಲಿ 747ರ ಪೈಲಟ್‌ಗಳಿಗೆ ತರಬೇತಿ ಕೊಡುವವರ ಮುಖ್ಯಸ್ಥರಾಗಿದ್ದರು. ಇನ್ನೊಂದು ವಿಮಾನ ರನ್‌ವೇಯಿಂದ ಆಚೆ ಹೋಗಿಲ್ಲವೇ ಎಂದು ಫ್ಲೈಟ್ ಎಂಜಿನಿಯರ್ ಕೇಳಿದ್ದು ಕಾಕ್‌ಪಿಟ್‌ನ ಧ್ವನಿಮುದ್ರಣದಲ್ಲಿ ದಾಖಲಾಗಿದೆ. ಹೋಗಿದೆ ಎಂಬ ದೃಢವಾದ ಉತ್ತರ ಬಂದ ಮೇಲೆ ಅವರು ಮತ್ತೆ ಕೇಳಲಿಲ್ಲ. ಮಂಜು, ರೇಡಿಯೊದಲ್ಲಿ ಮಾತುಗಳು ಒಂದರ ಮೇಲೊಂದು ಬಿದ್ದು ಅಸ್ಪಷ್ಟವಾದದ್ದು, ತಡವಾಗುತ್ತಿದೆಯೆಂಬ ಒತ್ತಡ ಎಲ್ಲವೂ ಅಲ್ಲಿ ಕೂಡಿಕೊಂಡಿದ್ದವು ನಿಜ. ಆದರೆ ವಿಮಾನಯಾನ ಕ್ಷೇತ್ರ ಈ ಬಗೆಯ ಅಪಘಾತಗಳಿಂದ ಕಲಿತ ಪಾಠಗಳಲ್ಲಿ ಮುಖ್ಯವಾದದ್ದು, ಕಿರಿಯರು ಸಂದೇಹವನ್ನು ಗಟ್ಟಿಯಾಗಿ ಹೇಳುವುದನ್ನೂ ಹಿರಿಯರು ಅದನ್ನು ಕಿವಿಗೊಟ್ಟು ಕೇಳುವುದನ್ನೂ ತರಬೇತಿಯ ಭಾಗವಾಗಿಸಬೇಕು ಎಂಬುದು. 1979ರಲ್ಲಿ ನಾಸಾ ಇದಕ್ಕಾಗಿಯೇ ಕಾರ್ಯಾಗಾರ ನಡೆಸಿತು, 1981ರಲ್ಲಿ ಯುನೈಟೆಡ್ ಏರ್‌ಲೈನ್ಸ್ ಇಂತಹ ತರಬೇತಿಯನ್ನು ಆರಂಭಿಸಿತು, ಇಂದು ಅದು ಜಗತ್ತಿನ ವಿಮಾನಯಾನದಲ್ಲಿ ಕಡ್ಡಾಯವೆನ್ನುವಷ್ಟು ವ್ಯಾಪಕವಾಗಿದೆ. ಬೇರೆ ಎಷ್ಟು ಕಚೇರಿಗಳಲ್ಲಿ ವಿಭಾಗದ ಮುಖ್ಯಸ್ಥರು ತಾವು ಹೇಳಿದ್ದು ತಪ್ಪು ಎಂಬ ಮಾತನ್ನು ಕಳೆದ ವರ್ಷದಲ್ಲಿ ಒಮ್ಮೆಯಾದರೂ ಕಿರಿಯರ ಬಾಯಿಂದ ಕೇಳಿದ್ದಾರೆ? ಕೇಳಿಲ್ಲವೆಂದಾದರೆ, ಅಲ್ಲಿ ಯಾರೂ ಹೇಳುವ ಧೈರ್ಯ ಮಾಡಿಲ್ಲ ಎಂದೇ ನಾನು ತಿಳಿಯುತ್ತೇನೆ.

ಹೊಸ ಉಪಕರಣಗಳು ಬಂದಾಗ ಕಲಿಯಬೇಕಾಗುವುದರ ಬಗ್ಗೆ ಎಲ್ಲರೂ ಬರೆಯುವುದರಿಂದ ನಾನು ಹೆಚ್ಚು ಹೇಳುವುದಿಲ್ಲ. ಅದನ್ನು ಬರೀ ಭಯದ ಭಾಷೆಯಲ್ಲಿ ಹೇಳುವವರಿಗೆ ಡೊರೊಥಿ ವಾನ್ ಅವರನ್ನು ನೆನಪಿಸಬೇಕೆನಿಸುತ್ತದೆ. 1943ರಲ್ಲಿ ಅಮೆರಿಕದ ಲ್ಯಾಂಗ್ಲಿ ವೈಮಾನಿಕ ಪ್ರಯೋಗಾಲಯ ಸೇರಿದ ಅವರು, ಕಪ್ಪು ವರ್ಣೀಯ ಮಹಿಳಾ ಗಣಿತಜ್ಞೆಯರ ಲೆಕ್ಕಾಚಾರ ತಂಡಕ್ಕೆ 1949ರಲ್ಲಿ ಮುಖ್ಯಸ್ಥೆಯಾದರು. ವಿದ್ಯುನ್ಮಾನ ಕಂಪ್ಯೂಟರ್‌ಗಳು ಕಾಲಿಟ್ಟಾಗ, ತಮ್ಮ ತಂಡ ಮಾಡುತ್ತಿದ್ದ ಕೆಲಸವನ್ನೇ ಆ ಯಂತ್ರಗಳು ಮಾಡಲಿವೆ ಎಂದು ಅರಿತು ಕಂಪ್ಯೂಟರ್‌ಗೆ ಆದೇಶ ಬರೆಯುವ ಫೋರ್ಟ್ರಾನ್ ಭಾಷೆಯನ್ನು ಕಲಿತರು, ಸಹೋದ್ಯೋಗಿಗಳಿಗೂ ಕಲಿಸಿದರು. ಆ ಹೊತ್ತಿಗೆ ಅವರಿಗೆ ಐವತ್ತರ ಆಸುಪಾಸು. ಅವರ ಹಳೆಯ ಗಣಿತಜ್ಞಾನ ಇದರಿಂದ ವ್ಯರ್ಥವಾಗಲಿಲ್ಲ. ಯಾವ ಲೆಕ್ಕ ಏತಕ್ಕಾಗಿ ನಡೆಯುತ್ತಿದೆ ಎಂಬುದನ್ನು ಬಲ್ಲವರು ಯಂತ್ರಕ್ಕೆ ಅದನ್ನು ವಹಿಸುವಾಗಲೂ ಬೇಕೇ ಬೇಕು. ಸಹೋದ್ಯೋಗಿಗಳನ್ನೂ ಜೊತೆಗೆ ಕರೆದೊಯ್ದದ್ದಂತೂ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ.

ಇನ್ನು ಕೋರ್ಸುಗಳು ಮತ್ತು ಪ್ರಮಾಣಪತ್ರಗಳು. ಉಪನ್ಯಾಸ ಕೇಳಿ, ಪರದೆಯ ಮೇಲಿನ ಸ್ಲೈಡ್ ನೋಡಿ, ಕೊನೆಯಲ್ಲಿ ಹಾಜರಾತಿ ಪತ್ರ ಪಡೆಯುವ ತರಬೇತಿಯಲ್ಲಿ ಹೆಚ್ಚಿನದೇನೂ ಉಳಿಯುವುದಿಲ್ಲ ಎಂಬುದು ನೆನಪಿನ ಬಗ್ಗೆ ನಡೆದ ಪ್ರಯೋಗಗಳಿಂದಲೇ ಗೊತ್ತಾಗಿದೆ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ನಡೆಸಿದ ಪ್ರಯೋಗದಲ್ಲಿ, ಒಂದು ಬರಹವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷಗಳ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಮ್ಮೆ ಓದಿ, ಆಮೇಲೆ ನೆನಪಿನಿಂದ ಬರೆಯಲು ಯತ್ನಿಸಿದವರು ವಾರದ ನಂತರದ ಪರೀಕ್ಷೆಯಲ್ಲಿ ಅವರನ್ನು ಹಿಂದಿಕ್ಕಿದರು. ಆಗಷ್ಟೇ ಓದಿ ಮುಗಿಸಿದಾಗ ಎಲ್ಲ ಅರ್ಥವಾಯಿತು ಎನಿಸುವ ತೃಪ್ತಿಯನ್ನು ನಂಬುವಂತಿಲ್ಲ. ತಡವರಿಸುತ್ತಾ ನೆನಪಿಸಿಕೊಳ್ಳುವ ಶ್ರಮವಿಲ್ಲದ ತರಬೇತಿ, ಸಂಸ್ಥೆಯ ದಾಖಲೆಯಲ್ಲಿ ಮಾತ್ರ ಉಳಿಯುತ್ತದೆ.

ಸಮಯದ ಪ್ರಶ್ನೆಯನ್ನು ಬದಿಗಿಟ್ಟು ಕಲಿಕೆಯ ಬಗ್ಗೆ ಉಪದೇಶ ಮಾಡುವುದು ನನಗೆ ಅನ್ಯಾಯವೆಂದು ತೋರುತ್ತದೆ. ದಿನದ ಕೆಲಸ ಮುಗಿಸಿ, ಮನೆಯ ಹೊಣೆ ಹೊತ್ತು, ಉಳಿದ ನಿದ್ದೆಯಲ್ಲಿ ಪಾಲು ಕೊಟ್ಟು ಕಲಿಯಬೇಕು ಎಂದಾದರೆ, ಕಲಿಯುವವರು ಮನೆಯಲ್ಲಿ ಇನ್ನೊಬ್ಬರ ದುಡಿಮೆಯ ಆಸರೆ ಇರುವವರು ಮಾತ್ರ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ವೇತನಸಹಿತ ಶೈಕ್ಷಣಿಕ ರಜೆಯ ಕುರಿತ ಒಡಂಬಡಿಕೆಯನ್ನು 1974ರಲ್ಲಿಯೇ ಅಂಗೀಕರಿಸಿದೆ; ಕೆಲಸದ ಅವಧಿಯಲ್ಲಿಯೇ, ಸಂಬಳ ಕಡಿತವಾಗದೆ ಕಲಿಯುವ ಅವಕಾಶವನ್ನು ಅದು ಮುಂದಿಡುತ್ತದೆ. ಹೆಚ್ಚಿನ ದೇಶಗಳು ಇನ್ನೂ ಅದಕ್ಕೆ ಅನುಮೋದನೆ ಕೊಟ್ಟಿಲ್ಲ. ಈಗಾಗಲೇ ಹೆಚ್ಚು ಓದಿದವರಿಗೇ ಹೆಚ್ಚು ತರಬೇತಿ ದೊರೆಯುತ್ತದೆ, ಅತ್ಯಂತ ಅಗತ್ಯವಿರುವ ಕಡಿಮೆ ಓದಿದ ಕಾರ್ಮಿಕರಿಗೆ ಅದು ತಲುಪುವುದೇ ಕಡಿಮೆ ಎಂಬುದನ್ನು ಹಲವು ದೇಶಗಳ ವಯಸ್ಕರ ಕೌಶಲ ಸಮೀಕ್ಷೆಗಳು ಮತ್ತೆ ಮತ್ತೆ ತೋರಿಸಿವೆ. ಕಲಿಯುವ ಮನಸ್ಸು ನೌಕರರದು, ಕಲಿಯುವ ಗಂಟೆಗಳು ಮಾಲೀಕರ ಲೆಕ್ಕದಲ್ಲಿ ಇರಬೇಕಾದವು.

ವೃತ್ತಿಪರ ಪರವಾನಗಿಯ ನವೀಕರಣಕ್ಕೆ ಇಂತಿಷ್ಟು ಗಂಟೆಗಳ ತರಬೇತಿ ಬೇಕೆಂಬ ನಿಯಮ ಅನೇಕ ದೇಶಗಳಲ್ಲಿ, ಅನೇಕ ವೃತ್ತಿಗಳಲ್ಲಿ ಇದೆ. ಗಂಟೆಗಳನ್ನು ಎಣಿಸುವ ಬದಲು ಇನ್ನೊಂದು ಪ್ರಶ್ನೆಯನ್ನು ಕೇಳಬೇಕೆಂಬುದು ನನ್ನ ಸಲಹೆ: ಕಳೆದ ನವೀಕರಣದ ನಂತರ ನಿಮ್ಮ ಯಾವ ರೂಢಿಯನ್ನು ಬಿಟ್ಟಿರಿ, ಯಾವ ಸಾಕ್ಷ್ಯದ ಆಧಾರದ ಮೇಲೆ ಬಿಟ್ಟಿರಿ, ಆಮೇಲೆ ಫಲಿತಾಂಶ ಹೇಗೆ ಬದಲಾಯಿತು? ಹೀಗೆ ಕೇಳಿದರೆ ಜನರು ಹೆದರಿ ಕಥೆ ಕಟ್ಟುತ್ತಾರೆ ಎಂಬ ಆಕ್ಷೇಪ ಬರಬಹುದು, ಅದರಲ್ಲಿ ಹುರುಳಿದೆ. ಅದಕ್ಕೂ ವಿಮಾನಯಾನದಲ್ಲಿ ಒಂದು ಮಾದರಿ ಸಿಗುತ್ತದೆ. 1976ರಿಂದ ನಾಸಾ ನಡೆಸುತ್ತಿರುವ ಸುರಕ್ಷತಾ ವರದಿ ವ್ಯವಸ್ಥೆಗೆ ಪೈಲಟ್‌ಗಳು, ನಿಯಂತ್ರಕರು ತಮ್ಮ ತಪ್ಪುಗಳನ್ನು ತಾವೇ ಬರೆದು ಕಳುಹಿಸುತ್ತಾರೆ. ವರದಿಯಿಂದ ಅವರ ಗುರುತನ್ನು ಅಳಿಸಲಾಗುತ್ತದೆ, ಉದ್ದೇಶಪೂರ್ವಕವಲ್ಲದ ಲೋಪವನ್ನು ಹೀಗೆ ತಾವಾಗಿ ತಿಳಿಸಿದವರಿಗೆ ದಂಡನೆಯಿಂದ ಒಂದು ಮಟ್ಟದ ರಕ್ಷಣೆಯೂ ಇದೆ. ದಂಡಿಸುವ ಅಧಿಕಾರವುಳ್ಳ ಇಲಾಖೆಯ ಕೈಗೆ ಕೊಡದೆ, ಆ ಅಧಿಕಾರವಿಲ್ಲದ ನಾಸಾಗೆ ಅದನ್ನು ವಹಿಸಿದ್ದರಿಂದಲೇ ಜನರಿಗೆ ಅದರ ಮೇಲೆ ವಿಶ್ವಾಸ ಮೂಡಿತು. ಆಸ್ಪತ್ರೆಗಳು, ಶಾಲೆಗಳು, ಬ್ಯಾಂಕುಗಳು, ಕಟ್ಟಡ ನಿರ್ಮಾಣ ಸಂಸ್ಥೆಗಳು ತಮ್ಮ ಸಿಬ್ಬಂದಿಗೆ ತರಬೇತಿಯ ವೇಳಾಪಟ್ಟಿಯನ್ನು ಹಂಚುವ ಮೊದಲು ಈ ಬಗೆಯ ರಕ್ಷಣೆಯನ್ನು ನಿಯಮವಾಗಿ ಬರೆದಿಡಲಿ, ಮತ್ತು ಮೊದಲ ವರದಿಗಳು ಆ ಸಂಸ್ಥೆಗಳ ಅತ್ಯಂತ ಹಿರಿಯರಿಂದಲೇ ಬರಲಿ.