ಬಿಸಿಲು, ಮಳೆ ಅಂದರೆ ಸಾಕಾ?

ಉಷ್ಣವಲಯದಲ್ಲಿ ಯಾಕೆ ಇಷ್ಟೊಂದು ಬಗೆಯ ಜೀವಿಗಳು ಅಂತ ಕೇಳಿ ನೋಡಿ. ಬಿಸಿಲಿದೆ, ಮಳೆ ಇದೆ, ಅದಕ್ಕೇ ಅನ್ನುತ್ತಾರೆ. ನನಗೆ ಈ ಉತ್ತರ ಕೇಳಿದರೆ ಸ್ವಲ್ಪ ಸಿಟ್ಟು ಬರುತ್ತದೆ. ಸುಳ್ಳು ಅಂತಲ್ಲ, ಅರ್ಧಕ್ಕೇ ನಿಂತುಬಿಡುತ್ತದೆ ಅಂತ.

ಈಕ್ವೆಡಾರ್‌ನ ಯಸುನಿ ಕಾಡಿನಲ್ಲಿ 25 ಹೆಕ್ಟೇರ್ ಜಾಗ ಗುರುತು ಮಾಡಿ ಮರಗಳನ್ನು ಒಂದೊಂದಾಗಿ ಎಣಿಸಿದ್ದಾರೆ. ಸಿಕ್ಕಿದ್ದು 1,100ಕ್ಕೂ ಹೆಚ್ಚು ಜಾತಿ! ಫಿನ್‌ಲೆಂಡ್‌ನ ಉತ್ತರದ ಕಾಡಿನಲ್ಲಿ ಇಡೀ ದಿನ ನಡೆದರೂ ಬಹುಪಾಲು ಪೈನ್, ಸ್ಪ್ರೂಸ್, ಬರ್ಚ್, ಅಷ್ಟೇ.

ಬಿಸಿಲು ಮಳೆ ಇದ್ದರೆ ಗಿಡಮರಗಳ ಬೆಳವಣಿಗೆ ಜಾಸ್ತಿ, ಒಪ್ಪೋಣ. ಆದರೆ ಬೆಳವಣಿಗೆ ಜಾಸ್ತಿಯಾದರೆ ಬಗೆಯೂ ಜಾಸ್ತಿ ಆಗಲೇಬೇಕಾ? ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1856ರಿಂದ ಒಂದು ಹುಲ್ಲುಗಾವಲಿನ ಕೆಲವು ಭಾಗಕ್ಕೆ ಗೊಬ್ಬರ ಹಾಕುತ್ತಾ, ಉಳಿದದ್ದನ್ನು ಹಾಗೇ ಬಿಟ್ಟು ನೋಡುತ್ತಿದ್ದಾರೆ. ಗೊಬ್ಬರ ಬಿದ್ದ ಕಡೆ ಹುಲ್ಲು ಸೊಂಪಾಗಿ ಎದ್ದಿತು, ಜಾತಿಗಳು ಕಮ್ಮಿಯಾದವು. ಕೆಲವು ಕಡೆ ಎರಡು ಮೂರಕ್ಕೇ ಇಳಿದವು. (ಅಲ್ಲಿ ಮಣ್ಣು ಹುಳಿಯಾಗಿದ್ದೂ ಒಂದು ಕಾರಣ, ಅದನ್ನು ಮುಚ್ಚಿಡಬಾರದು.) ಬಲ ಇದ್ದವನು ಮಿಕ್ಕವರನ್ನು ಒತ್ತಿಹಾಕಿದ, ಅಲ್ವಾ?

ಹಾಗಾದರೆ ಯಸುನಿಯಲ್ಲಿ ಯಾವುದೋ ಒಂದು ಮರ ಇಡೀ ಕಾಡನ್ನು ಯಾಕೆ ನುಂಗಿಲ್ಲ? ಇಲ್ಲಿ ನನಗೆ ತುಂಬ ಹಿಡಿಸುವ ವಿವರಣೆ 1970ರಲ್ಲಿ ಡೇನಿಯಲ್ ಜಾನ್ಜೆನ್, ಮರುವರ್ಷ ಜೋಸೆಫ್ ಕಾನೆಲ್ ಎಂಬ ಪರಿಸರ ವಿಜ್ಞಾನಿಗಳು ಕೊಟ್ಟದ್ದು. ತಾಯಿಮರದ ಬುಡದಲ್ಲಿ ರಾಶಿ ಬೀಜ ಉದುರುತ್ತವೆ. ಆ ಜಾತಿಯ ಬೀಜವನ್ನೇ ಕೊರೆಯುವ ಹುಳ, ಅದರ ಸಸಿಯನ್ನೇ ಕೊಳೆಸುವ ಶಿಲೀಂಧ್ರ ಎಲ್ಲ ಅಲ್ಲೇ ಠಿಕಾಣಿ ಹೂಡಿರುತ್ತವೆ. ಎರಡು ಎಲೆ ಬಿಡುವಷ್ಟರಲ್ಲಿ ಸಸಿಯ ಬುಡ ಮೆತ್ತಗಾಗಿ ಬಾಗಿಬಿಡುತ್ತದೆ. ಹಕ್ಕಿಯೋ ಬಾವಲಿಯೋ ದೂರ ಒಯ್ದ ಬೀಜ ಬಚಾವಾಗುತ್ತದೆ. ತಾಯಿಯ ಬುಡದ ಜಾಗ ಬೇರೆ ಜಾತಿಯ ಪಾಲಾಗುತ್ತದೆ. ಚಳಿಗಾಲವೇ ಇಲ್ಲದ ಕಡೆ ಈ ಹುಳ ಹುಪ್ಪಟೆಗೆ ರಜೆಯೂ ಇಲ್ಲ.

ಇಷ್ಟಕ್ಕೇ ಕಥೆ ಮುಗಿಯಲ್ಲ. ಅಮೆರಿಕದ ತಂಪು ಕಾಡಿನ ಕಪ್ಪು ಚೆರ್ರಿ ಮರದ ಬುಡದಲ್ಲೂ ಇದೇ ಆಟ ಕಂಡಿದೆ. ಅಂದರೆ ಇದು ಉಷ್ಣವಲಯದ್ದೇ ಗುಟ್ಟಲ್ಲ. ಅದಕ್ಕೇ ಕಾಲದ ಲೆಕ್ಕವನ್ನೂ ಸೇರಿಸಬೇಕು ಅನ್ನುತ್ತೇನೆ. ಸುಮಾರು 5 ಕೋಟಿ ವರ್ಷದ ಹಿಂದೆ ಉತ್ತರ ಧ್ರುವದ ಹತ್ತಿರದ ಎಲ್ಸ್‌ಮಿಯರ್ ದ್ವೀಪದಲ್ಲೇ ಮೊಸಳೆಯ ನೆಂಟರು ಓಡಾಡಿಕೊಂಡಿದ್ದರು. ಆಮೇಲೆ ಭೂಮಿ ತಣ್ಣಗಾಯಿತು. ಬರೀ 20,000 ವರ್ಷದ ಹಿಂದೆ ಕೆನಡಾದ ಬಹುಭಾಗ, ಸ್ಕ್ಯಾಂಡಿನೇವಿಯಾ ಹಿಮದಡಿ ಇದ್ದವು. ಹಿಮಯುಗಗಳಲ್ಲಿ ಯುರೋಪಿನ ಮರಗಳು ದಕ್ಷಿಣಕ್ಕೆ ಸರಿಯೋಣ ಅಂದರೆ ಆಲ್ಪ್ಸ್ ಅಡ್ಡ. ಮ್ಯಾಗ್ನೋಲಿಯಾ ಅಲ್ಲಿ ಅಳಿದೇ ಹೋಯಿತು. ಉತ್ತರ ಅಮೆರಿಕದ ಬೆಟ್ಟಸಾಲುಗಳು ಉತ್ತರದಿಂದ ದಕ್ಷಿಣಕ್ಕೆ ಹರಡಿದ್ದರಿಂದ ಅಲ್ಲಿ ದಾರಿ ಸಿಕ್ಕಿತು, ಉಳಿಯಿತು.

2018ರಲ್ಲಿ ಬಂದ ಸಮುದ್ರ ಮೀನುಗಳ ದೊಡ್ಡ ಅಧ್ಯಯನವಂತೂ ಎಲ್ಲರ ಅಂದಾಜನ್ನೂ ತಲೆಕೆಳಗು ಮಾಡಿತು. ಹೊಸ ಜಾತಿಗಳು ಬೇಗ ಬೇಗ ಹುಟ್ಟುವುದು ತಣ್ಣನೆಯ ಕಡಲಲ್ಲೇ ಅಂತೆ! ಆದರೂ ಬಗೆ ಜಾಸ್ತಿ ಇರುವುದು ಬೆಚ್ಚನೆಯ ಹವಳದ ದಿಬ್ಬಗಳಲ್ಲಿ. ಅಂದರೆ ಅಲ್ಲಿ ಹಳೆಯವು ಅಳಿಯದೆ ಕೂಡುತ್ತಾ ಬಂದಿವೆ ಅಂತ ನನ್ನ ಲೆಕ್ಕ. ಇದನ್ನು ಬರೀ ಬಿಸಿಲಿನಿಂದ ವಿವರಿಸುವವರಿದ್ದರೆ ವಿವರಿಸಲಿ, ಓದೋಣ.